ಗದ್ದದ ಕೆಳಗಿನ ಸುಳಿ

ನೀಲಪ್ಪನಿಗೆ ಮಾರಿದಷ್ಟು ರೇಜರುಗಳನ್ನು ನಾನು ಮಾಕಳಿಯಲ್ಲಿ ಇನ್ನಾರಿಗೂ ಮಾರಿಲ್ಲ. ಒಬ್ಬ ಮನುಷ್ಯನಿಗೆ ಇರುವುದು ಒಂದೇ ಮುಖ, ಅದರ ಮೇಲೆ ನಾಲ್ಕು ಕೂದಲು. ಅದಕ್ಕೆ ಇಷ್ಟೊಂದು ಸಾಮಾನು ಏಕೆ ಬೇಕು ಎಂದು ಮೊದಮೊದಲು ನಗುತ್ತಿದ್ದೆ. ಆಮೇಲೆ ನಗು ನಿಂತಿತು.

ತುಮಕೂರು ರಸ್ತೆಯ ಮೇಲೆ ಫ್ಲೈಓವರ್ ಕಟ್ಟುತ್ತಿದ್ದ ವರ್ಷಗಳವು. ಬೆಳಿಗ್ಗೆ ಒರೆಸಿಟ್ಟ ಬಿಸ್ಕತ್ತಿನ ಡಬ್ಬಿಯ ಮೇಲೆ ಮಧ್ಯಾಹ್ನಕ್ಕೆ ಹೆಸರು ಬರೆಯುವಷ್ಟು ಧೂಳು ಕೂರುತ್ತಿತ್ತು. ನಮ್ಮ ಮಾವ ನಂಜಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲುಮನೆ ಕಟ್ಟಿಸಿ, ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರಿಗೆ ಬಾಡಿಗೆಗೆ ಕೊಟ್ಟಿದ್ದರು. ರಸ್ತೆಗೆ ಮುಖ ಮಾಡಿ ನನ್ನ ಚಿಲ್ಲರೆ ಅಂಗಡಿ. ಅಂಗಡಿಯ ಹಿಂದಿನ ಕಿಟಕಿಯಿಂದ ಸಾಲುಮನೆಯ ಅಂಗಳ, ನಲ್ಲಿ, ಎದುರುಬದುರು ಹಾಕಿದ ಎರಡು ಬಟ್ಟೆ ಒಗೆಯುವ ಕಲ್ಲುಗಳು ಕಾಣುತ್ತಿದ್ದವು. ಕಿಟಕಿ ಇಡಿಸಿದ್ದು ಗಾಳಿಗೆಂದು, ಆದರೆ ಅದರಿಂದ ಗಾಳಿಗಿಂತ ಸುದ್ದಿಯೇ ಹೆಚ್ಚು ಬರುತ್ತಿತ್ತು.

ಕುಷ್ಟಗಿ ಕಡೆಯಿಂದ ಬಂದ ಅಣ್ಣತಮ್ಮ ಇಬ್ಬರು ಕೊನೆಯ ರೂಮಿನಲ್ಲಿದ್ದರು. ಅಣ್ಣ ಪರಮಾನಂದ, ತಮ್ಮ ನೀಲಪ್ಪ. ಅಣ್ಣ ಲೇತ್ ಮೆಷಿನ್ ಮೇಲೆ, ತಮ್ಮ ಪ್ಲೇಟಿಂಗ್ ಕಾರ್ಖಾನೆಯಲ್ಲಿ, ಅಂದರೆ ಕಬ್ಬಿಣದ ಬಿಡಿಭಾಗಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ಹೊಳಪು ಕೊಡುವ ಕಡೆ. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಆ ಎರಡು ಕಲ್ಲುಗಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಒಬ್ಬರ ಗಡ್ಡ ಇನ್ನೊಬ್ಬರು ಬೋಳಿಸುತ್ತಿದ್ದರು. ಹಿಡಿ ತಿರುಗಿಸಿದರೆ ಬಾಯಿ ತೆರೆಯುವ, ಒಂಟಿ ಬ್ಲೇಡಿನ, ತೂಕದ ಕಬ್ಬಿಣದ ರೇಜರ್ ಒಂದಿತ್ತು. ಅದೇ ಇಬ್ಬರಿಗೂ. ಅವರ ಅಪ್ಪ ಬೇಗ ತೀರಿಕೊಂಡಿದ್ದರಿಂದ ತಮ್ಮನಿಗೆ ಮೊದಲ ಸಲ ಮೀಸೆ ಗಡ್ಡ ಬಂದಾಗ ಬೋಳಿಸಿದವನು ಅಣ್ಣನೇ ಅಂತೆ. ತಮ್ಮ ಕಲಿತದ್ದು ಅಣ್ಣನ ಮುಖದ ಮೇಲೆ. ಹಾಗೆ ಶುರುವಾದದ್ದು ಹಾಗೇ ಉಳಿದುಕೊಂಡಿತ್ತು.

ಸಾಲುಮನೆಯವರೆಲ್ಲ ಅವರನ್ನು "ಗಂಡ ಹೆಂಡ್ತಿ ಬಂದ್ರು" ಎಂದು ಆಡಿಕೊಳ್ಳುತ್ತಿದ್ದರು. ನಾನೂ ಒಮ್ಮೆ ಕಿಟಕಿಯಿಂದಲೇ ಕೇಳಿದ್ದೆ. "ಪರಮಾನಂದ, ಒಂದು ಕನ್ನಡಿ ಕೊಡ್ಲೇನಪ್ಪಾ? ಎಷ್ಟು ದಿನ ಹಿಂಗೆ?"

"ಇವ ಅದಾನಲ್ರಿ ಅಕ್ಕಾರ, ಮತ್ತ ಕನ್ನಡಿ ಯಾಕ್ರಿ?" ಎಂದಿದ್ದ, ತಮ್ಮನ ಕೆನ್ನೆ ತಟ್ಟಿ.

ಪರಮಾನಂದನದು ಒಡಕು ದನಿ. ಎಷ್ಟು ಮೆಲ್ಲಗೆ ಮಾತಾಡಿದರೂ ಅಂಗಡಿಯವರೆಗೆ ಕೇಳುತ್ತಿತ್ತು. ಕೆನ್ನೆ ಮುಗಿಸಿ ಕುತ್ತಿಗೆಗೆ ಬಂದಾಗ "ಗದ್ದ ಎತ್ತೋ ನೀಲ್ಯಾ" ಎನ್ನುವನು. ಸರದಿ ಬದಲಾದ ಮೇಲೆ ತಮ್ಮ "ಗದ್ದ ಎತ್ತಣ್ಣ" ಎನ್ನುವನು. ಅಣ್ಣ ಗದ್ದ ಎತ್ತಿ, ಚರ್ಮ ಬಿಗಿಯಾಗಲೆಂದು ಬಾಯಿ ತುಂಬ ಗಾಳಿ ತುಂಬಿಕೊಂಡು ಕಪ್ಪೆಯ ಹಾಗೆ ಕೂರುವನು. ಎಲ್ಲ ಮುಗಿದ ಮೇಲೆ ಎರಡೂ ಕಲ್ಲುಗಳಿಗೆ ನೀರು ಹಾಕಿ ತೊಳೆಯುವರು. ಒಗೆಯುವ ಕಲ್ಲಿನ ಮೇಲೆ ಒಂದು ಕೂದಲು ಸಿಕ್ಕಿದರೂ ನಮ್ಮತ್ತೆ ಕೃಷ್ಣಮ್ಮ ಇಡೀ ಸಾಲನ್ನು ಎಬ್ಬಿಸಿ ಬೈಯುತ್ತಿದ್ದರು.

ಆ ಮಳೆಗಾಲದಲ್ಲಿ ಪರಮಾನಂದನಿಗೆ ಜ್ವರ ಬಂತು. ಮಾತ್ರೆ ನುಂಗಿ ಕೆಲಸಕ್ಕೆ ಹೋದ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈ ಮೀರಿತ್ತು. ನೀಲಪ್ಪ ಅಣ್ಣನ ಹೆಣವನ್ನು ವ್ಯಾನಿನಲ್ಲಿ ಹಾಕಿಕೊಂಡು ಊರಿಗೆ ಹೋದ. ತಿರುಗಿ ಬಂದಾಗ ಮುಖ ತುಂಬ ಗಡ್ಡ, ಕೈಯಲ್ಲಿ ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಆ ಕಬ್ಬಿಣದ ರೇಜರ್. ಅತ್ತಿಗೆ ರುಕ್ಮವ್ವ "ಇದು ನಿಮ್ಮಿಬ್ಬರದ, ಮತ್ಯಾರಿಗೂ ಬ್ಯಾಡ" ಎಂದು ಕೊಟ್ಟು ಕಳಿಸಿದ್ದಳಂತೆ. ಅವನು ಅದನ್ನು ಗೂಡಿನಲ್ಲಿಟ್ಟವನು ಮತ್ತೆ ಮುಟ್ಟಲಿಲ್ಲ.

ಗಡ್ಡ ಬಿಡುವ ಹಾಗೂ ಇರಲಿಲ್ಲ. ಆಸಿಡ್ ತೊಟ್ಟಿಯ ಹೊಗೆ ಎದೆಗೆ ಹೋಗದಿರಲೆಂದು ಕಾರ್ಖಾನೆಯಲ್ಲಿ ಅದೇ ವರ್ಷ ರಬ್ಬರಿನ ಮಾಸ್ಕ್ ತರಿಸಿದ್ದರು. ಗಡ್ಡವಿದ್ದರೆ ಅದು ಮುಖಕ್ಕೆ ಕಚ್ಚಿ ಕೂರುವುದಿಲ್ಲ. ಬೋಳಿಸದೆ ಬಂದವರನ್ನು ಸೂಪರ್‌ವೈಸರ್ ಶ್ಯಾಮಣ್ಣ ಗೇಟಿನಿಂದಲೇ ವಾಪಸು ಕಳಿಸುತ್ತಿದ್ದ. ನೀಲಪ್ಪ ನನ್ನ ಅಂಗಡಿಗೆ ಬಂದು ಒಂದು ಪ್ಲಾಸ್ಟಿಕ್ ರೇಜರ್ ಕೊಂಡ. ತನ್ನ ಮುಖವನ್ನು ತಾನೇ ಬೋಳಿಸಿಕೊಂಡದ್ದು ಅದೇ ಮೊದಲು ಇರಬೇಕು. ಮಾರನೆಯ ದಿನ ನೋಡಿದರೆ ಎಡದವಡೆಯ ಕೆಳಗೆ, ಗದ್ದಕ್ಕೂ ಕಿವಿಗೂ ನಡುವೆ, ಕೊಯ್ದ ಗಾಯ.

"ಎರಡು ಬ್ಲೇಡಿಂದು ಕೊಡ್ರಿ ಅಕ್ಕಾರ" ಎಂದ. ಕೊಟ್ಟೆ. ಅದೇ ಜಾಗ ಕೊಯ್ದುಕೊಂಡ. ಮೂರು ಬ್ಲೇಡಿನದು, ಹಿಡಿಗೆ ರಬ್ಬರ್ ಹಾಕಿದ್ದು, ಆಫೀಸಿಗೆ ಹೋಗುವವರು ಕೊಳ್ಳುವಂಥದ್ದು ಕೊಟ್ಟೆ. ಅದೇ ಜಾಗ. ಸೋಪಿನ ಬದಲು ಕ್ರೀಮು, ತಣ್ಣೀರಿನ ಬದಲು ಬಿಸಿನೀರು, ಆಮೇಲೆ ಉಜ್ಜಲು ಪಟಿಕದ ಕಲ್ಲು. ಉಳಿದ ಮುಖವೆಲ್ಲ ನುಣ್ಣಗೆ, ಆ ಒಂದು ಜಾಗ ಮಾತ್ರ ಹಸಿ. ಮಾಸ್ಕಿನ ರಬ್ಬರ್ ಅಂಚು ಬಂದು ಕೂರುವುದೂ ಅಲ್ಲೇ. ಬೆವರು, ಆಸಿಡ್ ಹೊಗೆ, ಎಲ್ಲ ಸೇರಿ ಗಾಯ ಕೀವಾಗತೊಡಗಿತು. ವಾಸಿ ಮಾಡಿಕೊಳ್ಳದಿದ್ದರೆ ಬೇರೆ ಕೆಲಸ ನೋಡಿಕೋ ಎಂದು ಶ್ಯಾಮಣ್ಣ ಹೇಳಿಬಿಟ್ಟ.

ನನಗೆ ಸಿಟ್ಟು ಬಂತು. "ಅಲ್ಲಪ್ಪಾ, ಅಲ್ಲಿ ಗಾಯ ಇದೆ ಅಂತ ಗೊತ್ತು. ಮತ್ತೆ ಅಲ್ಲೇ ಯಾಕೆ ಕೊಯ್ಕೋತೀಯ? ಕಣ್ಣು ಎಲ್ಲಿಟ್ಕೊಂಡಿರ್ತೀಯ?"

ಅವನು ಅಂಗಡಿಯ ಕಟ್ಟೆಯ ಮೇಲೆ ಕೂತ. ಆ ಮಧ್ಯಾಹ್ನ ಗಿರಾಕಿಗಳೂ ಇರಲಿಲ್ಲ. "ನಾ ಕೊಯ್ಕೊಳ್ಳಂಗಿಲ್ರಿ. ಕೈ ಅಲ್ಲಿಗೆ ಹೋದ ಕೂಡ್ಲೆ ತಿರಗತೈತ್ರಿ. ನಾ ತಿರಗಸಂಗಿಲ್ಲ. ಅಣ್ಣ ಬಂದು ಮಣಿಕಟ್ಟು ಹಿಡಿತಾನ್ರಿ."

ನಗಬೇಕೆಂದುಕೊಂಡೆ, ಆಗಲಿಲ್ಲ. ಯಾಕೆ ಹಾಗೆನ್ನುತ್ತೀಯ ಎಂದು ಕೇಳಿದೆ. ಆಗ ಊರಿನಲ್ಲಿ ನಡೆದದ್ದನ್ನು ಹೇಳಿದ.

ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಪರಮಾನಂದನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಬಟ್ಟೆಯಿಂದ ಬಿಗಿದು ಕೂರಿಸಿದ್ದರು. ಸ್ನಾನಕ್ಕೆ ಮುಂಚೆ ಗಡ್ಡ ತೆಗೆಯಬೇಕು. ಊರಿನ ಕ್ಷೌರಿಕ ಮಗಳ ಮನೆಗೆ ಹೋಗಿದ್ದ, ಬರುವುದು ತಡವಾಗುತ್ತದೆ ಎಂದರು. ಯಾರೋ ಹಿರಿಯರು, ಇವನೇ ಮಾಡಲಿ, ವಾರವಾರ ಮಾಡಿದವನು ಇವನೇ ಅಲ್ಲವೇ ಎಂದರು. ನೀಲಪ್ಪ ಅಣ್ಣನ ಸಾಮಾನಿನ ಜೊತೆ ಒಯ್ದಿದ್ದ ರೇಜರಿನ ಡಬ್ಬಿ ತೆಗೆದು ಅವನ ಎದುರು ಕೂತ. ಭಾನುವಾರ ಕೂರುತ್ತಿದ್ದ ಹಾಗೇ, ಮೊಣಕಾಲಿಗೆ ಮೊಣಕಾಲು. ಸೋಪು ಹಚ್ಚಿದ. ಕೆನ್ನೆ ಮಾಡಿದ. ಕುತ್ತಿಗೆಗೆ ಬಂದಾಗ ಅವನಿಗೆ ಎಲ್ಲ ಮರೆತುಹೋಗಿತ್ತು.

"'ಗದ್ದ ಎತ್ತಣ್ಣ' ಅಂದೆರಿ," ಎಂದ ನೀಲಪ್ಪ. "ಅಂದು, ಕಾಯ್ಕೊಂತ ಕುಂತೆ. ಎತ್ತಲಿಲ್ಲ. ಇನ್ನೊಮ್ಮಿ ಅಂದೆ. ಅತ್ತಿಗಿ ಚೀರಿದ್ಲು ನೋಡ್ರಿ, ಅವಾಗ ನೆಪ್ಪಾತು. ಕೈ ನಡಗಿ ಬ್ಲೇಡು ಒಳಗ ಹೋತು. ಇಷ್ಟುದ್ದ. ಒಂದು ಹನಿ ರಕ್ತ ಬರಲಿಲ್ರಿ ಅಕ್ಕಾರ. ಬಿಳೇದಾಗಿ ಬಾಯಿ ಬಿಟ್ಟು ಹಂಗ ಇತ್ತು." ತನ್ನ ಎಡದವಡೆಯ ಕೆಳಗೆ ಬೆರಳಿಟ್ಟು ತೋರಿಸಿದ. "ಇಲ್ಲೇ. ಅವತ್ತು ಅವಂದು ಬರದ ರಕ್ತ, ಈಗ ನಂದು ತಗೋಳಾಕತ್ತಾನ."

ಹಗಲು ಹೊತ್ತು, ಎದುರಿಗೆ ಲಾರಿಗಳ ಸಾಲು, ಆದರೂ ಕಿಟಕಿಯ ಕಡೆ ಬೆನ್ನು ಮಾಡಿ ಕೂರಲು ಹೆದರಿಕೆಯಾಯಿತು. ಧೈರ್ಯ ಹೇಳುವುದು ಬಿಟ್ಟು ನಾನು ಮಾಡಿದ ದೊಡ್ಡ ಕೆಲಸವೆಂದರೆ ಅತ್ತೆಗೆ ಹೇಳಿದ್ದು. ಅವರು ಅಂದಿನಿಂದ ಅವನ ರೂಮಿನ ಕಡೆ ಹೋಗುವಾಗ ಸೆರಗನ್ನು ತಲೆಯ ಮೇಲೆ ಹಾಕಿಕೊಳ್ಳತೊಡಗಿದರು.

ಅಷ್ಟರಲ್ಲಿ ನಮ್ಮ ಮಾವನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಕಟಿಂಗ್ ಶಾಪ್ ಹೈವೇಯ ಆಚೆ ಬದಿ. ಫ್ಲೈಓವರ್ ಕೆಲಸದ ಗುಂಡಿಗಳನ್ನು ದಾಟಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬರುವುದು ಆಗದ ಮಾತು. ನೆಂಟರ ಮನೆಯ ಗೃಹಪ್ರವೇಶ ಹತ್ತಿರ ಬಂತು. ಮಾವನಿಗೆ ಗಡ್ಡದ್ದೇ ಚಿಂತೆ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ನೀಲಪ್ಪನನ್ನು ಕರೆದರು.

"ಬಾರಪ್ಪಾ ಇಲ್ಲಿ. ನಿಮ್ಮಣ್ಣಂಗೆ ಮಾಡ್ತಿದ್ದೆಯಲ್ಲ, ಅಂಗೇ ನಂಗೂ ಒಂದು ಕಿತ ಮಾಡು."

ಅವನು ಬೇಡ ಯಜಮಾನ್ರೇ ಎಂದ, ಕೈ ಮುಗಿದ. ಮಾವ ಹಟಮಾರಿ. ಪ್ರೇತ ಗೀತ ಎಂದು ಹೆಂಡತಿ ಗೊಣಗುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು, ಅದನ್ನು ಮುರಿಯಬೇಕೆಂದೇ ಇರಬಹುದು. "ಆ ಪ್ಲಾಸ್ಟಿಕ್ ಗೀಸ್ಟಿಕ್ ಬ್ಯಾಡ. ಕಬ್ಬಿಣದ್ದು ಐತಲ್ಲ, ತತ್ತಾ ಅದನ್ನ" ಎಂದರು. ನೀಲಪ್ಪ ರೂಮಿಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ತಗಡಿನ ಡಬ್ಬಿ ಇತ್ತು.

ಒಂದು ಕಲ್ಲಿನ ಮೇಲೆ ಮಾವ, ಎದುರಿನ ಕಲ್ಲಿನ ಮೇಲೆ ನೀಲಪ್ಪ. ಕಣ್ಣಿಗೆ ನೀರು ತಾಗದ ಹಾಗೆ ನೋಡಿಕೊಳ್ಳಲು ನಾನು ಬಿಸಿನೀರಿನ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತೆ. ನಿಜ ಹೇಳಬೇಕೆಂದರೆ ಅಷ್ಟು ಚೆಂದದ ಕೈ ನಾನು ನೋಡಿರಲಿಲ್ಲ. ಅವನು ರೇಜರನ್ನು ಒತ್ತುತ್ತಲೇ ಇರಲಿಲ್ಲ. ಹಿಡಿಯ ತುದಿಯನ್ನು ಬೆರಳುಗಳಲ್ಲಿ ಹಿಡಿದು, ಅದರ ತೂಕಕ್ಕೇ ಬಿಟ್ಟು, ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಸುತ್ತಿದ್ದ. ಒಣಗಿದ ಹುಲ್ಲಿನ ಮೇಲೆ ನಡೆದ ಹಾಗೆ ಸದ್ದು. ಮಾವ ಕಣ್ಣು ಮುಚ್ಚಿ ಸುಖವಾಗಿ ಕೂತಿದ್ದರು. ಬಲಗೆನ್ನೆ ಆಯಿತು, ಎಡಗೆನ್ನೆ ಆಯಿತು. ಎಡದವಡೆಯ ಕೆಳಗೆ ಬಂದ.

ಅಲ್ಲಿ ಅವನ ಮಣಿಕಟ್ಟು ತಿರುಗಿತು. ನಾನು ಕಣ್ಣಾರೆ ಕಂಡೆ. ಅದುವರೆಗೆ ಕೆಳಗಿಳಿಯುತ್ತಿದ್ದ ಕೈ, ಯಾರೋ ಹಿಡಿದು ತಿರುಚಿದ ಹಾಗೆ ಮಗ್ಗುಲಾಗಿ, ಗಂಟಲಿನಿಂದ ಕಿವಿಯ ಕಡೆಗೆ ಮೇಲಕ್ಕೆ ಎಳೆಯಿತು. ಮಾವ "ಹಾ" ಎಂದರು. ಬಿಳಿ ನೊರೆಯ ಮೇಲೆ ಕೆಂಪು ಹರಡಿತು.

ನೀಲಪ್ಪ ರೇಜರ್ ಬಿಟ್ಟು ಎದ್ದು ನಿಂತ. ಅತ್ತೆ ಒಳಗಿನಿಂದ ಓಡಿ ಬಂದು ಒಮ್ಮೆ ಮಾವನ ಗಾಯ ನೋಡಿದರು, ಒಮ್ಮೆ ಅವನ ಗಾಯ ನೋಡಿದರು. ಎರಡೂ ಒಂದೇ ಜಾಗದಲ್ಲಿದ್ದವು.

"ಸತ್ತೋನು ನಮ್ಮನೆಯೋರ ರಕ್ತಕ್ಕೂ ಕೈ ಆಕ್ಬುಟ್ನಲ್ಲಪ್ಪಾ!" ಎಂದು ಎದೆ ಬಡಿದುಕೊಂಡರು. "ಆ ದರಿದ್ರ ಕಬ್ಬಿಣಾನ ಕೆರೆಗೆ ಎಸ್ದು ಬಾ. ರೂಮು ಖಾಲಿ ಮಾಡು. ಇವತ್ತೇ ಓಗು, ಈಗ್ಲೇ ಓಗು!"

ಅವನು ರೂಮಿಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದ.

ನಾನು ಮಾವನನ್ನು ಜಗಲಿಯ ಮೇಲೆ ಕೂರಿಸಿ, ಹತ್ತಿಯಲ್ಲಿ ರಕ್ತ ಒರೆಸಿ ಅರಿಶಿನ ಹಚ್ಚಲು ಹೋದೆ. ಹತ್ತಿಯನ್ನು ಕೆಳಮುಖವಾಗಿ ಎಳೆದರೆ ಜಾರಿಕೊಂಡು ಬರುತ್ತಿತ್ತು. ಮೇಲ್ಮುಖವಾಗಿ ಒರೆಸಿದರೆ ಉಳಿದ ಮೋಟು ಕೂದಲಿಗೆ ಸಿಕ್ಕಿ ಎಳೆ ಎಳೆಯಾಗುತ್ತಿತ್ತು. ಎರಡು ಸಲ ಹಾಗಾಯಿತು. ಮೂರನೆಯ ಸಲ ಬೇಕೆಂದೇ ಮಾಡಿ ನೋಡಿದೆ.

ನಾನು ತವರಿನಲ್ಲಿ ಹಸುಗಳ ಮೈ ತಿಕ್ಕಿ ಬೆಳೆದವಳು. ಹಸುವಿನ ಕೂದಲು ಎಲ್ಲ ಕಡೆ ಒಂದೇ ದಿಕ್ಕಿಗೆ ಇರುವುದಿಲ್ಲ. ಸುಳಿ ಇದ್ದ ಕಡೆ ತಿರುಗುತ್ತದೆ, ಅಲ್ಲಿ ಬ್ರಷ್ಷನ್ನೂ ತಿರುಗಿಸಬೇಕು, ಇಲ್ಲದಿದ್ದರೆ ಹಸು ಒದೆಯುತ್ತದೆ. ಸುಳಿ ನೋಡದೆ ನಮ್ಮಪ್ಪ ಒಂದು ಕರುವನ್ನೂ ಕೊಂಡವರಲ್ಲ. ಒಂದಕ್ಕೆ ಹಣೆಯ ಮೇಲೆ, ಒಂದಕ್ಕೆ ಬೆನ್ನ ಮೇಲೆ, ಒಂದಕ್ಕೆ ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲಿನ ಹತ್ತಿರ. ಒಂದರ ಸುಳಿ ಇನ್ನೊಂದಕ್ಕಿರುವುದಿಲ್ಲ. ಮನುಷ್ಯರ ಗಡ್ಡಕ್ಕೂ ಇದೇ ಕಾನೂನು ಇರಬೇಕಲ್ಲ ಎನ್ನಿಸಿತು. ಅರಿಶಿನದ ಬಟ್ಟಲು ಅಲ್ಲೇ ಇಟ್ಟು ಕೊನೆಯ ರೂಮಿಗೆ ಓಡಿದೆ. ಅತ್ತೆ ಹಿಂದಿನಿಂದ ಕೂಗುತ್ತಲೇ ಇದ್ದರು.

"ನೀಲಪ್ಪಾ, ನಿನ್ನ ಗಾಯದ ಸುತ್ತ ಬೆರಳಾಡಿಸಿ ನೋಡು. ನಾನು ಮುಟ್ಟೋ ಹಂಗಿಲ್ಲ, ನೀನೇ ನೋಡು. ಕೂದ್ಲು ಯಾವ ಕಡೆ ಹೋಗಿದೆ?"

ಅವನು ಗಂಟು ಬಿಟ್ಟು, ಹುಚ್ಚಿಯನ್ನು ನೋಡುವ ಹಾಗೆ ನನ್ನನ್ನು ನೋಡಿದ. ಆಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದ. "ಕೆಳಗ ಹೊಂಟೈತ್ರಿ."

"ನಿಮ್ಮಣ್ಣಂಗೆ? ಅದೇ ಜಾಗದಲ್ಲಿ?"

"ಅಣ್ಣಂದು ಮ್ಯಾಲಕ್ಕರಿ. ಅಲ್ಲಿ ಸುಳಿ ಇತ್ತು. ಅಲ್ಲಿ ಮಾತ್ರ ಕೆಳಗಿಂದ ಮ್ಯಾಲ ಎಳಿಬೇಕಾಗ್ತಿತ್ತು, ಇಲ್ಲಂದ್ರ ಉರಿ ಏಳತಿತ್ತು ಅವಂಗ. ನಾ ಕಲ್ತಿದ್ದ ಹಂಗ..." ಎಂದ.

"ಅಷ್ಟೇ ಕಣಪ್ಪಾ!" ಎಂದೆ. ಖುಷಿಗೆ ನನ್ನ ದನಿ ಮೇಲೇರಿತ್ತು. "ನೀನು ನಿನ್ನ ಗಡ್ಡ ಮಾಡ್ಕೊಂಡೇ ಇಲ್ಲ. ಇಷ್ಟು ದಿನ ನಿಮ್ಮಣ್ಣನ ಗಡ್ಡಾನೇ ಮಾಡ್ತಿದ್ದೀಯ. ನಿನ್ನ ಮುಖದ ಮೇಲೆ, ನಮ್ಮ ಮಾವನ ಮುಖದ ಮೇಲೆ, ಎಲ್ಲಾ ಕಡೆ ಅವನದ್ದೇ. ಇನ್ಮೇಲೆ ಮೊದ್ಲು ಬೆರಳಲ್ಲಿ ನೋಡು, ಕೂದ್ಲು ಹೋದ ಕಡೆಗೇ ರೇಜರ್ ಬಿಡು, ಎಡಗೈಲಿ ಚರ್ಮ ಎಳೆದು ಹಿಡ್ಕೋ. ಆ ಕಬ್ಬಿಣದ್ದೇ ಸಾಕು, ನನ್ನಂಗಡಿ ಸಾಮಾನು ಯಾವ್ದೂ ಬೇಡ."

ಅವನು ಕೈ ಮುಗಿಯುತ್ತಾನೆ, ನಗುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ಬಲಗೈಯನ್ನು ಎತ್ತಿ, ಮಣಿಕಟ್ಟನ್ನು ಹಿಂದೆ ಮುಂದೆ ತಿರುಗಿಸಿ, ಅದು ಬೇರೆ ಯಾರದೋ ಕೈ ಎಂಬಂತೆ ನೋಡಿದ.

"ಹಂಗಾದ್ರ ಅಣ್ಣ ಬರಾಕತ್ತಿದ್ದಿಲ್ಲೇನ್ರಿ?" ಎಂದು ಕೇಳಿದ.

ಇಲ್ಲ ಎಂದರೆ ಇನ್ನೊಮ್ಮೆ ಅವನ ಅಣ್ಣನನ್ನು ಮಣ್ಣು ಮಾಡಿದ ಹಾಗೆ. ಹೌದು ಎಂದರೆ ಅವನ ಕೆಲಸ ಹೋಗುತ್ತದೆ, ರೂಮು ಹೋಗುತ್ತದೆ, ಕೀವು ಎಲ್ಲಿಗೆ ಮುಟ್ಟುತ್ತದೋ ಗೊತ್ತಿಲ್ಲ. ಅವನ ಕಣ್ಣಿನಿಂದ ನೀರು ಇಳಿದು ಗಾಯಕ್ಕೆ ತಾಗಿತು. ಉರಿಯಿತೇನೋ, ಒರೆಸಿಕೊಳ್ಳಲಿಲ್ಲ. ಅಣ್ಣ ಸಿಟ್ಟಿನಿಂದಲಾದರೂ ಬರುತ್ತಿದ್ದಾನೆ ಎಂದು ಇಷ್ಟು ದಿನ ಅವನೊಳಗೆ ಒಂದು ಆಸೆ ಕೂತಿತ್ತು ಎಂದು ಆಗ ನನಗೆ ಅರ್ಥವಾಯಿತು.

ಮಾವ ಜಗಲಿಯಿಂದಲೇ "ಅವನು ಎಲ್ಲಿಗೂ ಓಗಕಿಲ್ಲ, ಸುಮ್ಕಿರೇ" ಎಂದು ಅತ್ತೆಯ ಬಾಯಿ ಮುಚ್ಚಿಸಿದರು. ನೀಲಪ್ಪ ಗಂಟು ಬಿಚ್ಚಿದ. ಅವನಿಗೆ ನಾನೊಂದು ಕನ್ನಡಿ ಕೊಟ್ಟೆ. ಗಾಯ ಒಣಗುವವರೆಗೆ ಶ್ಯಾಮಣ್ಣ ಅವನನ್ನು ತೊಟ್ಟಿಯಿಂದ ದೂರ, ಪ್ಯಾಕಿಂಗ್ ಕಡೆ ಹಾಕಿದ. ನಿಧಾನವಾಗಿ ಕೀವು ಹೋಗಿ, ಹಕ್ಕಳೆ ಕಟ್ಟಿ, ಉದುರಿ, ತೆಳ್ಳಗಿನ ಬಿಳಿ ಗೆರೆ ಉಳಿಯಿತು. ಮಾಸ್ಕ್ ಸರಿಯಾಗಿ ಕೂರುತ್ತಿದೆ ಎಂದು ಅವನೇ ಒಂದು ದಿನ ಹೇಳಿದ. ಹೇಳುವಾಗ ಬೆರಳು ಆ ಗೆರೆಯ ಮೇಲೇ ಇತ್ತು. ಅಂಗಡಿಗೆ ಬಂದಾಗಲೆಲ್ಲ ಅಲ್ಲಿ ಮುಟ್ಟಿಕೊಳ್ಳುತ್ತಿದ್ದ, ಕಳೆದುಹೋದ ಸಾಮಾನನ್ನು ಜೇಬಿನಲ್ಲಿ ಹುಡುಕುವವರ ಹಾಗೆ. ಮಾತು ಕಡಿಮೆಯಾಗಿತ್ತು. ನಾನು ಉಪಕಾರ ಮಾಡಿದೆನೋ ಅಪಕಾರ ಮಾಡಿದೆನೋ ಎಂದು ನನಗೇ ಅನುಮಾನ ಬರತೊಡಗಿತು.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ. ಬೆಳಿಗ್ಗೆ ನಾನು ಅಂಗಡಿಯಲ್ಲಿ ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದೆ. ಕಿಟಕಿಯಿಂದ ನೋಡಿದರೆ ನೀಲಪ್ಪ ಕಲ್ಲಿನ ಮೇಲೆ ಕೂತಿದ್ದ. ಮುಖದ ತುಂಬ ನೊರೆ, ಕೈಯಲ್ಲಿ ಕಬ್ಬಿಣದ ರೇಜರ್. ನಾನು ಕೊಟ್ಟ ಕನ್ನಡಿ ಇರಲಿಲ್ಲ. ಎದುರಿನ ಕಲ್ಲು ಖಾಲಿ ಇತ್ತು. ಬಟ್ಟೆ ಒಗೆಯಲು ಬಂದವರು ಬಕೆಟ್ ಹಿಡಿದು ದೂರದಲ್ಲೇ ಕಾಯುತ್ತಿದ್ದರು, ಭಾನುವಾರ ಆ ಕಲ್ಲಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ಬಲಗೆನ್ನೆ ಮಾಡಿಕೊಂಡ, ಎಡಗೆನ್ನೆ ಮಾಡಿಕೊಂಡ. ದವಡೆಯ ಕೆಳಗೆ ಬಂದು ಕೈ ನಿಂತಿತು.

ಆಗ ಆ ದನಿ ಕೇಳಿತು.

"ಗದ್ದ ಎತ್ತೋ ನೀಲ್ಯಾ."

ಅದೇ ಒಡಕು ದನಿ. ಪರಮಾನಂದನದೇ. ಸಕ್ಕರೆ ನನ್ನ ಕೈಯಿಂದ ನೆಲಕ್ಕೆ ಚೆಲ್ಲಿತು. ನನ್ನ ಕಣ್ಣು ಮೊದಲು ಹೋದದ್ದು ಎದುರಿನ ಕಲ್ಲಿಗೆ, ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನೀಲಪ್ಪನನ್ನು ನೋಡಿದೆ. ನೊರೆಯ ನಡುವೆ ಅವನ ತುಟಿಗಳು ಆಗಷ್ಟೇ ಮುಚ್ಚಿಕೊಳ್ಳುತ್ತಿದ್ದವು.

ಅವನು ಗದ್ದ ಎತ್ತಿದ. ಬಾಯಿ ತುಂಬ ಗಾಳಿ ತುಂಬಿಕೊಂಡ. ಎಡಗೈಯಿಂದ ಚರ್ಮ ಎಳೆದು ಹಿಡಿದು ರೇಜರನ್ನು ಕೆಳಕ್ಕೆ ಬಿಟ್ಟ. ರಕ್ತ ಬರಲಿಲ್ಲ. ಮುಖ ತೊಳೆದು, ರೇಜರ್ ತೊಳೆದು ಡಬ್ಬಿಗೆ ಹಾಕಿ, ಬಕೆಟ್ಟಿನಲ್ಲಿ ಉಳಿದ ನೀರನ್ನು ತಾನು ಕೂತಿದ್ದ ಕಲ್ಲಿಗೂ ಎದುರಿನ ಕಲ್ಲಿಗೂ ಹಾಕಿ ತೊಳೆದ.